ಲಿಬ್‌ಎಸ್‌ಎಸ್‌ಎಲ್ 1.1 ಸಿಗುತ್ತಿಲ್ಲ: ಶೇರ್ಡ್ ಲೈಬ್ರರಿ ದೋಷವನ್ನು ಓದಿ ಸರಿಪಡಿಸುವ ಬಗೆ

ಈ ವಿಡಿಯೋದಲ್ಲಿ ಪರದೆಯ ಮೇಲಿರುವ ಈ ಒಂದು ಸಾಲನ್ನು ದಯವಿಟ್ಟು ಪೂರ್ತಿಯಾಗಿ ಓದಿ. ಶೇರ್ಡ್ ಲೈಬ್ರರಿಗಳನ್ನು, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ ಕಡತಗಳನ್ನು, ಲೋಡ್ ಮಾಡುವಾಗ ದೋಷ ಉಂಟಾಗಿದೆ, ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಒ ಡಾಟ್ 1.1 ಎಂಬ ಕಡತವನ್ನು ತೆರೆಯಲಾಗಲಿಲ್ಲ, ಅಂತಹ ಕಡತವೇ ಇಲ್ಲ ಎಂದು ಅದು ಹೇಳುತ್ತಿದೆ. ಲಿಬ್‌ಎಸ್‌ಎಸ್‌ಎಲ್ ಎಂದರೆ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಒಂದು ಲೈಬ್ರರಿ. ತನಗೆ ಬೇಕಾದ ವಸ್ತುವಿನ ಹೆಸರನ್ನೂ ಆವೃತ್ತಿಯನ್ನೂ ಇಷ್ಟು ಬಿಡಿಸಿ ಹೇಳುವ ದೋಷ ಸಂದೇಶಗಳು ಅಪರೂಪ. ಆದರೂ ಇದನ್ನು ಕಂಡ ಕೂಡಲೇ ಇಡೀ ಉಬುಂಟುವನ್ನೇ, ಅಂದರೆ ಆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನೇ, ಅಳಿಸಿ ಮತ್ತೆ ಹಾಕಿಕೊಳ್ಳುವವರಿದ್ದಾರೆ, ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ಲ್ಯಾಪ್‌ಟಾಪ್ ಪರಿಚಯದ ತೆರಿಗೆ ಸಲಹೆಗಾರರೊಬ್ಬರದು. ಇದರಲ್ಲಿರುವುದು ಉಬುಂಟು 22.04, ಓಡಬೇಕಾಗಿರುವುದು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನಿನ ತಂತ್ರಾಂಶ. ಟೋಕನ್ ಚುಚ್ಚಿದ್ದು, ಪ್ಯಾಕೇಜ್ ಹಾಕಿದ್ದು ಎಲ್ಲವೂ ನಿಮಗೆ ಕಂಡಿದೆ, ಅದನ್ನು ಬಾಯಲ್ಲಿ ಮತ್ತೆ ಹೇಳುವುದಿಲ್ಲ.

ಒಂದು ಪ್ರೋಗ್ರಾಂ ತನಗೆ ಬೇಕಾದ ಎಲ್ಲ ಕೋಡನ್ನೂ ತನ್ನೊಳಗೆ ಹೊತ್ತು ತರುವುದಿಲ್ಲ. ಪಾತ್ರೆಗಳನ್ನು ಮದುವೆ ಮನೆಯವರೇ ಕೊಡುತ್ತಾರೆಂದು ನಂಬಿ ಬರುವ ಅಡುಗೆಯವರಂತೆ, ಅದು ತನಗೆ ಬೇಕಾದ ಲೈಬ್ರರಿಗಳ ಹೆಸರುಗಳನ್ನಷ್ಟೇ ಬರೆದುಕೊಂಡು ಬರುತ್ತದೆ. ನಾವು ಪ್ರೋಗ್ರಾಂ ಚಾಲೂ ಮಾಡಿದಾಗ ಮೊದಲು ಎದ್ದೇಳುವುದು ಡೈನಾಮಿಕ್ ಲೋಡರ್. ಅದು ಆ ಪಟ್ಟಿಯನ್ನು ಓದಿ, ಪ್ರೋಗ್ರಾಂ ಒಳಗೇ ಬರೆದಿಟ್ಟ ದಾರಿಗಳಲ್ಲಿ, ಪರಿಸರ ಚರದಲ್ಲಿ (ಎನ್ವಿರಾನ್‌ಮೆಂಟ್ ವೇರಿಯಬಲ್, ಪ್ರೋಗ್ರಾಂಗಳಿಗೆ ಹೊರಗಿನಿಂದ ಕೊಡುವ ಹೆಸರಿಟ್ಟ ಸೆಟ್ಟಿಂಗ್) ಸೂಚಿಸಿದ ದಾರಿಗಳಲ್ಲಿ, ಮೊದಲೇ ಸಿದ್ಧಪಡಿಸಿಟ್ಟ ಕ್ಯಾಶ್ ಕಡತದಲ್ಲಿ, ಕೊನೆಗೆ ವ್ಯವಸ್ಥೆಯ ಮೂಲ ಲೈಬ್ರರಿ ಫೋಲ್ಡರುಗಳಲ್ಲಿ ಹುಡುಕುತ್ತದೆ. ಎಲ್ಲಿಯೂ ಸಿಗದಿದ್ದರೆ ಪ್ರೋಗ್ರಾಂನ ಮೊದಲ ಸಾಲೂ ಓಡುವ ಮುನ್ನವೇ ಎಲ್ಲವೂ ನಿಂತುಹೋಗುತ್ತದೆ.

ಈಗ ಓಡುತ್ತಿರುವುದು ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಎಲ್‌ಡಿಡಿ ಆಜ್ಞೆ. ಬೇಕಾದ ಲೈಬ್ರರಿಗಳ ಎದುರು ಅವು ಸಿಕ್ಕ ಜಾಗವಿದೆ, ಲಿಬ್‌ಎಸ್‌ಎಸ್‌ಎಲ್ ಮತ್ತು ಓಪನ್‌ಎಸ್‌ಎಸ್‌ಎಲ್‌ನದೇ ಇನ್ನೊಂದು ಲೈಬ್ರರಿಯಾದ ಲಿಬ್‌ಕ್ರಿಪ್ಟೋ ಎದುರು ಮಾತ್ರ ನಾಟ್ ಫೌಂಡ್ ಎಂದಿದೆ. ನಂಬಿಕೆಯಿಲ್ಲದ ಕಡೆಯಿಂದ ತಂದ ಪ್ರೋಗ್ರಾಂ ಮೇಲೆ ಈ ಆಜ್ಞೆಯನ್ನು ಪ್ರಯೋಗಿಸಬೇಡಿ, ಏಕೆಂದರೆ ಕೆಲವು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಂ ಅನ್ನೇ ಓಡಿಸಿಬಿಡಬಹುದು. ಅಂತಹ ಕಡೆ ಆಬ್ಜ್‌ಡಂಪ್ ಬಳಸಿ ಪಟ್ಟಿಯನ್ನಷ್ಟೇ ಓದುವುದು ಕ್ಷೇಮ.

ಸಾಮಾನ್ಯವಾಗಿ ಇಲ್ಲಿಂದ ಮುಂದೆ ಒಂದೇ ಹೆಜ್ಜೆ: ಆ ಕಡತ ಯಾವ ಪ್ಯಾಕೇಜಿನಲ್ಲಿದೆ ಎಂದು ಆಪ್ಟ್-ಫೈಲ್ ಮೂಲಕ ಕೇಳಿ, ಆ ಪ್ಯಾಕೇಜನ್ನು ಹಾಕಿಕೊಳ್ಳುವುದು. ಆದರೆ ಇಲ್ಲಿ ಆ ದಾರಿ ಮುಚ್ಚಿದೆ. ಉಬುಂಟು 22.04 ಓಪನ್‌ಎಸ್‌ಎಸ್‌ಎಲ್ 3.0ಕ್ಕೆ ದಾಟಿಕೊಂಡಿತು, ಲಿಬ್‌ಎಸ್‌ಎಸ್‌ಎಲ್ 1.1ರ ಪ್ಯಾಕೇಜನ್ನು ಕೈಬಿಟ್ಟಿತು.

ಈ ವಿಷಯದಲ್ಲಿ ನನ್ನ ಕೋಪ ಉಬುಂಟುವಿನ ಮೇಲಲ್ಲ, ಈ ಟೋಕನ್ ಮಾರಿದ ಕಂಪನಿಯ ಮೇಲೆ. ಅವರು ಕೊಟ್ಟ ಡೆಬ್ ಪ್ಯಾಕೇಜಿನ ಒಳಗನ್ನು ಈಗ ತೋರಿಸುತ್ತಿದ್ದೇನೆ, ಡಿಪೆಂಡ್ಸ್ ಎಂಬ ಸಾಲನ್ನು ಹುಡುಕಿ ನೋಡಿ, ಆ ಸಾಲೇ ಇಲ್ಲ. ಅಲ್ಲಿ ಲಿಬ್‌ಎಸ್‌ಎಸ್‌ಎಲ್ 1.1 ಎಂದು ಒಂದೇ ಒಂದು ಮಾತು ಬರೆದಿದ್ದರೆ, ಪ್ಯಾಕೇಜ್ ಹಾಕುವ ಹೊತ್ತಿಗೇ ಉಬುಂಟುವಿನ ಪ್ಯಾಕೇಜ್ ನಿರ್ವಾಹಕವಾದ ಆಪ್ಟ್ ನಮ್ಮನ್ನು ತಡೆದು, ಈ ವ್ಯವಸ್ಥೆಯಲ್ಲಿ ಇದು ಓಡುವುದಿಲ್ಲ ಎಂದು ತಿಳಿಸುತ್ತಿತ್ತು. ಅದರ ಬದಲು ಎಲ್ಲವೂ ಯಶಸ್ವಿಯಾಗಿ ಮುಗಿಯಿತೆಂದು ತೋರಿಸಿ, ರಿಟರ್ನ್ ಸಲ್ಲಿಸುವ ಕೊನೆಯ ದಿನ ಹತ್ತಿರವಿರುವಾಗ ತಂತ್ರಾಂಶ ಬಾಯಿ ಮುಚ್ಚಿಕೊಂಡು ಕೂತಿತು. ಹಣ ತೆಗೆದುಕೊಂಡು ತಂತ್ರಾಂಶ ಕೊಡುವವರು ತಮಗೆ ಏನು ಬೇಕೆಂಬುದನ್ನಾದರೂ ಬರೆದಿಡಬೇಕು. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲು ಸಿದ್ಧನಿಲ್ಲ.

ಅವರ ಸಹಾಯವಾಣಿ ಕೊಟ್ಟ ಸಲಹೆ ಇನ್ನೂ ಕೆಟ್ಟದ್ದು. ಹೊಸ ಲಿಬ್‌ಎಸ್‌ಎಸ್‌ಎಲ್ 3ಕ್ಕೂ ಲಿಬ್‌ಕ್ರಿಪ್ಟೋ 3ಕ್ಕೂ 1.1 ಎಂಬ ಹೆಸರಿನಲ್ಲಿ ಸಾಂಕೇತಿಕ ಕೊಂಡಿ, ಅಂದರೆ ಬೇರೆ ಹೆಸರಿನಿಂದ ಅದೇ ಕಡತವನ್ನು ತೋರಿಸುವ ಕೊಂಡಿ, ಮಾಡಿ ಎಂದರು. ಅದರ ಫಲಿತಾಂಶ ನಿಮಗೆ ಗೊತ್ತಾಗಲೆಂದು ಒಂದು ವರ್ಚುವಲ್ ಯಂತ್ರದಲ್ಲಿ ಮಾಡಿ ತೋರಿಸುತ್ತಿದ್ದೇನೆ: ಕಡತ ಇಲ್ಲ ಎಂಬ ದೂರು ಹೋಯಿತು, ಅದರ ಜಾಗದಲ್ಲಿ ಓಪನ್‌ಎಸ್‌ಎಸ್‌ಎಲ್ 1.1ರ ಆವೃತ್ತಿ ಗುರುತು ಸಿಗಲಿಲ್ಲ ಎಂಬ ದೂರು ಬಂತು. ಹೆಸರಿನ ಕೊನೆಯಲ್ಲಿರುವ ಸಂಖ್ಯೆ ಅಲಂಕಾರಕ್ಕೆ ಇಟ್ಟದ್ದಲ್ಲ. ಸಂಖ್ಯೆ ಬದಲಾಗಿದೆ ಎಂದರೆ ಹಳೆಯ ಪ್ರೋಗ್ರಾಂ ಜೊತೆಗಿನ ಹೊಂದಾಣಿಕೆ ಮುರಿದಿದೆ ಎಂದು ಲೈಬ್ರರಿ ಬರೆದವರೇ ಸಾರಿ ಹೇಳಿದ್ದಾರೆ ಎಂದರ್ಥ. ಆ ಗುರುತಿನ ತಪಾಸಣೆ ಇದ್ದುದರಿಂದ ಇಲ್ಲಿ ಪ್ರೋಗ್ರಾಂ ತಕ್ಷಣ ನಿಂತಿತು. ಅದಿಲ್ಲದ ಲೈಬ್ರರಿಗಳಲ್ಲಿ ಪ್ರೋಗ್ರಾಂ ಓಡಿದಂತೆ ಕಂಡು, ಮಧ್ಯದಲ್ಲೆಲ್ಲೋ ಕುಸಿಯುತ್ತದೆ ಅಥವಾ ತಪ್ಪು ಕೆಲಸ ಮಾಡುತ್ತದೆ. ಸಹಿ ಹಾಕುವ ತಂತ್ರಾಂಶದಲ್ಲಿ ಅಂತಹ ಅಪಾಯಕ್ಕೆ ಕೈಹಾಕುವುದು ಸರಿಯಲ್ಲ.

ಹಾಗಾದರೆ ಎಲ್ಲವನ್ನೂ ಪ್ರೋಗ್ರಾಂ ಒಳಗೇ ತುಂಬಿಸಿ ಕೊಡಬಾರದೇಕೆ ಎಂದು ಕೇಳಬಹುದು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಇದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಬಯಲಾದಾಗ, ಅದನ್ನು ಹಂಚಿಕೊಂಡು ಬಳಸುತ್ತಿದ್ದ ಪ್ರೋಗ್ರಾಂಗಳಿಗೆ ಒಂದು ಲೈಬ್ರರಿಯನ್ನು ಬದಲಿಸಿ ಅವನ್ನು ಮತ್ತೆ ಚಾಲೂ ಮಾಡಿದರೆ ದುರಸ್ತಿ ತಲುಪುತ್ತಿತ್ತು. ತಮ್ಮೊಳಗೇ ಅದರ ಪ್ರತಿ ಇಟ್ಟುಕೊಂಡಿದ್ದವನ್ನು ಒಂದೊಂದಾಗಿ ಹುಡುಕಿ ಬದಲಿಸಬೇಕಾಗಿತ್ತು. ಹಂಚಿಕೆಯ ಈ ಲಾಭವನ್ನು ನಾನು ಬಿಟ್ಟುಕೊಡಲಾರೆ.

ಅತ್ತ ಡೌನ್‌ಲೋಡ್ ಮುಗಿದಿದೆ, ಮುಂದೆ ಹೋಗೋಣ. ಇದು ಉಬುಂಟು 20.04ರ ಅಧಿಕೃತ ಭಂಡಾರದಿಂದ ತಂದ ಲಿಬ್‌ಎಸ್‌ಎಸ್‌ಎಲ್ 1.1ರ ಪ್ಯಾಕೇಜ್. ಬಹಳಷ್ಟು ಜನ ಇದನ್ನು ನೇರವಾಗಿ ವ್ಯವಸ್ಥೆಗೇ ಹಾಕಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಅದರ ತಯಾರಕರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ. ಅದನ್ನು ಎಲ್ಲರಿಗೂ ತೆರೆದಿಡುವ ಬದಲು, ಡಿಪಿಕೆಜಿ-ಡೆಬ್ ಬಳಸಿ ಪ್ಯಾಕೇಜನ್ನು ಬಿಚ್ಚಿ, ಎರಡು ಕಡತಗಳನ್ನು ಮಾತ್ರ ಟೋಕನ್ ತಂತ್ರಾಂಶದ ಪಕ್ಕದ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಲೈಬ್ರರಿ ದಾರಿಯನ್ನು ಪರಿಸರ ಚರದಲ್ಲಿ ಬರೆಯುವುದನ್ನು ನಾನು ಯಾವಾಗಲೂ ವಿರೋಧಿಸುತ್ತೇನೆ, ಟರ್ಮಿನಲ್ ತೆರೆದಾಗ ಓಡುವ ಬ್ಯಾಶ್‌ಆರ್‌ಸಿ ಕಡತದಲ್ಲಿ ಬರೆದಿಟ್ಟರೆ ಅಲ್ಲಿಂದ ಹೊರಡುವ ಎಲ್ಲ ಪ್ರೋಗ್ರಾಂಗಳನ್ನೂ ಅದು ಅಡ್ಡದಾರಿಗೆಳೆಯುತ್ತದೆ. ಆದರೆ ಈ ಒಂದು ಸಂದರ್ಭಕ್ಕೆ ಆ ಮಾತನ್ನು ಸಡಿಲಿಸುತ್ತೇನೆ: ಇದೊಂದೇ ಪ್ರೋಗ್ರಾಂ ಅನ್ನು ಚಾಲೂ ಮಾಡುವ ಎರಡು ಸಾಲಿನ ಸ್ಕ್ರಿಪ್ಟಿನೊಳಗೆ ಅದನ್ನು ಬರೆದರೆ ಅದರ ಪ್ರಭಾವ ಅಲ್ಲಿಗೇ ಸೀಮಿತವಾಗಿರುತ್ತದೆ, ಮತ್ತು ಇದಕ್ಕಿಂತ ಶುಚಿಯಾದ ಉಪಾಯ ಸದ್ಯಕ್ಕೆ ನನಗೆ ಕಾಣುತ್ತಿಲ್ಲ.

ಪ್ರೋಗ್ರಾಂ ತೆರೆದುಕೊಳ್ಳುವಷ್ಟರಲ್ಲಿ ಇನ್ನೆರಡು ಮಾತು. ಮೂಲ ಕೋಡಿನಿಂದ ನೀವೇ ಕಟ್ಟಿದ ಲೈಬ್ರರಿ ಲೋಕಲ್ ಫೋಲ್ಡರಿನಲ್ಲಿ ಕಣ್ಣೆದುರೇ ಇದ್ದರೂ ಸಿಗುತ್ತಿಲ್ಲವೆಂದರೆ ಕ್ಯಾಶ್ ಹಳೆಯದಾಗಿದೆ, ಸುಡೋ ಜೊತೆ (ನಿರ್ವಾಹಕರ ಅಧಿಕಾರದಿಂದ), ಕ್ಯಾಶನ್ನು ಹೊಸದಾಗಿಸುವ ಎಲ್‌ಡಿಕಾನ್‌ಫಿಗ್ ಆಜ್ಞೆ ಓಡಿಸಿದರೆ ಸಾಮಾನ್ಯವಾಗಿ ಸಾಕು. ವಿಂಡೋಸ್‌ನಲ್ಲಿ ಶೇರ್ಡ್ ಲೈಬ್ರರಿಗೆ ಡಿಎಲ್‌ಎಲ್ ಎನ್ನುತ್ತಾರೆ; ಅಲ್ಲಿ ವಿಸಿರನ್‌ಟೈಮ್140 ಡಿಎಲ್‌ಎಲ್ ಇಲ್ಲವೆಂದರೆ, ಬಿಡಿ ಡಿಎಲ್‌ಎಲ್ ಹಂಚುವ ತಾಣಗಳ ಕಡೆ ತಲೆ ಹಾಕಲೇಬೇಡಿ. ಯಾರು ಏನನ್ನು ಸೇರಿಸಿದ್ದಾರೋ ತಿಳಿಯದ ಕಡತವನ್ನು ವ್ಯವಸ್ಥೆಯ ಹೃದಯಕ್ಕೇ ಬಿಟ್ಟುಕೊಂಡಂತಾಗುತ್ತದೆ. ಮೈಕ್ರೋಸಾಫ್ಟ್ ಕೊಡುವ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಉಚಿತವಾಗಿದೆ, ಅದನ್ನೇ ಹಾಕಿಕೊಳ್ಳಿ. 32 ಬಿಟ್ ಪ್ರೋಗ್ರಾಂ ಆಗಿದ್ದರೆ 64 ಬಿಟ್ ವಿಂಡೋಸ್‌ನಲ್ಲಿಯೂ ಅದರ ಎಕ್ಸ್86 ಆವೃತ್ತಿಯೇ ಬೇಕಾಗುತ್ತದೆ.

ಟೋಕನ್ ಗುರುತಿಸಲ್ಪಟ್ಟಿತು, ಪ್ರಮಾಣಪತ್ರ ಕಾಣುತ್ತಿದೆ. ಹಳೆಯ ಲೈಬ್ರರಿ ಎಲ್ಲಿದೆ, ಏಕಿದೆ, ಯಾವಾಗ ಅಳಿಸಬೇಕು ಎಂಬುದನ್ನು ಅದೇ ಫೋಲ್ಡರಿನಲ್ಲಿ ಒಂದು ಪಠ್ಯ ಕಡತವಾಗಿ ಬರೆದಿಟ್ಟಿದ್ದೇನೆ. ಓಪನ್‌ಎಸ್‌ಎಸ್‌ಎಲ್ 3ರ ಜೊತೆ ಓಡುವ ಆವೃತ್ತಿ ಕೊಡಿ ಎಂದು ಸಲಹೆಗಾರರ ಹೆಸರಿನಲ್ಲಿ ಕಂಪನಿಗೆ ಬರೆದ ಪತ್ರವೂ ಈಗ ಹೊರಟಿತು. ಆ ಆವೃತ್ತಿ ಬಂದ ದಿನ ಸ್ಕ್ರಿಪ್ಟನ್ನೂ ಈ ಫೋಲ್ಡರನ್ನೂ ಒಟ್ಟಿಗೆ ತೆಗೆದುಹಾಕಬೇಕು.