ಇವತ್ತಿನ ಮನ್ನ

ಎಲ್ಲರಿಗೂ ನಮಸ್ಕಾರ.

ಕ್ರಿಸ್ತನಲ್ಲಿಟ್ಟ ನಂಬಿಕೆಯನ್ನು ಜೀವಮಾನವಿಡೀ ಕಾಪಾಡಿಕೊಳ್ಳುವುದು ಹೇಗೆ? ಇದರ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಸಭಾಪಾಲಕ. ದೇವರ ಸಭೆಯ ಚರಿತ್ರೆಯನ್ನು ಮೂವತ್ತು ವರ್ಷ ಕಲಿಸಿದವನು.

ಈ ಮಾತು ಹೇಳುವಾಗ ನನ್ನ ಕಣ್ಣ ಮುಂದೆ ಒಬ್ಬರಿದ್ದಾರೆ. ಅವರಿಗೆ ಐವತ್ತರ ಹತ್ತಿರ ವಯಸ್ಸು. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿಗೆ ಹೋದವರು. ಹದಿನೆಂಟರಲ್ಲಿ ಯಾವುದೋ ಕೂಟದಲ್ಲಿ ಅತ್ತು, "ಯೇಸುವೇ, ಈ ಜೀವ ನಿನ್ನದು" ಅಂದವರು. ಈಗಲೂ ಭಾನುವಾರ ತಪ್ಪಿಸುವುದಿಲ್ಲ. ಆದರೆ ಸಿಕ್ಕಾಗಲೆಲ್ಲ ಒಂದೇ ಮಾತು: "ಅಯ್ಯನವರೇ, ಮೊದಲಿನ ಉತ್ಸಾಹ ಈಗಿಲ್ಲ. ನನ್ನ ನಂಬಿಕೆ ಸತ್ತುಹೋಯ್ತೇನೋ."

ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. "ಇವತ್ತು ಬೆಳಗ್ಗೆ ಪ್ರಾರ್ಥನೆ ಮಾಡಿದಿರಾ?"

"ಅಯ್ಯೋ, ಎಲ್ಲಿ ಮನಸ್ಸು ಬರುತ್ತೆ?"

ಮನಸ್ಸು ಬರುವ ತನಕ ಯಾಕೆ ಕಾಯಬೇಕು? ಹೊಲಕ್ಕೆ ಹೋಗುವವರು ಮನಸ್ಸು ಕೇಳಿ ಹೋಗುತ್ತಾರಾ? ಹಾಲು ಕರೆಯುವವರು ಕೇಳುತ್ತಾರಾ? ನಂಬಿಕೆಯ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಮೊದಲು ಮನಸ್ಸು ತುಂಬಿ ಬರಬೇಕು. ಇದು ನನಗೆ ಅರ್ಥವಾಗುವುದಿಲ್ಲ.

ಇವತ್ತು ನಾನು ಹೇಳುವುದು ಒಂದೇ ಸಂಗತಿ. ಇವತ್ತಿನದನ್ನು ಇವತ್ತು ನಂಬಿ, ಇವತ್ತಿನದನ್ನು ಇವತ್ತು ಮಾಡಿ.

ವಿಮೋಚನಕಾಂಡದ 16ನೇ ಅಧ್ಯಾಯ ನಿಮಗೆ ಗೊತ್ತು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ಬಿತ್ತು, ದೇವರು ಕೊಟ್ಟ ಆಹಾರ. ತಲೆಗೆ ಒಂದು ಓಮೆರ್, ಅದು ಆಗಿನ ಒಂದು ಅಳತೆ. ದಿನದ್ದು ದಿನಕ್ಕೆ. ಕೆಲವರು ನಾಳೆಗೂ ಇರಲಿ ಎಂದು ಎತ್ತಿಟ್ಟರು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಪಾಲೊಂದನ್ನು ಬಿಟ್ಟರೆ 40 ವರ್ಷ ಇದೇ ಲೆಕ್ಕ. ದೇವರಿಗೆ ಒಂದೇ ಸಲ ವರ್ಷದ ದವಸ ಕೊಡಲು ಆಗುತ್ತಿರಲಿಲ್ಲವೇ? ಕೊಡಲಿಲ್ಲ. ದಿನಾ ಬೆಳಗ್ಗೆ ಡೇರೆಯಿಂದ ಹೊರಗೆ ಬಂದು, ಬಗ್ಗಿ, ಕೂಡಿಸಿಕೊಳ್ಳಬೇಕಿತ್ತು. ಹದಿನೆಂಟನೇ ವಯಸ್ಸಿನಲ್ಲಿ ಕೂಡಿಸಿದ್ದನ್ನು ಐವತ್ತರಲ್ಲಿ ಉಣ್ಣಲು ಹೋದರೆ ಹೇಗೆ?

ಇಲ್ಲಿ ಮಿಷನರಿ ವಿಲಿಯಂ ಕೇರಿಯವರ ಕಥೆ ಹೇಳಲೇಬೇಕು. ನನಗೆ ತುಂಬ ಪ್ರೀತಿಯ ಕಥೆ ಇದು. ಇದರಲ್ಲಿ ನಮ್ಮ ಕನ್ನಡವೂ ಬರುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಕೇಳಿ.

ಕೇರಿ 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ಚಪ್ಪಲಿ ಹೊಲಿಯುವ ಕೆಲಸ ಕಲಿತವರು. 1793ರಲ್ಲಿ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ ಕಲ್ಕತ್ತೆಗೆ ಬಂದರು. ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ಬೇಧಿಯಿಂದ ತೀರಿಕೊಂಡ. ಹೆಂಡತಿ ಡೊರೊಥಿಗೆ ಮನಸ್ಸಿನ ಕಾಯಿಲೆ ಶುರುವಾಯಿತು. 1807ರಲ್ಲಿ ಸಾಯುವ ತನಕ ಆ ತಾಯಿಗೆ ಅದು ಬಿಡಲಿಲ್ಲ. ಕೇರಿ ಹೊಟ್ಟೆಪಾಡಿಗೆ ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ದುಡಿದರು. ದುಡಿಯುತ್ತಲೇ ಬಂಗಾಳಿ ಕಲಿತರು, ಸುವಾರ್ತೆ ಸಾರಿದರು. ಏಳು ವರ್ಷ. ಅಷ್ಟು ವರ್ಷದಲ್ಲಿ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನಕ್ಕೆ ಬರಲಿಲ್ಲ. 1800ರ ಡಿಸೆಂಬರ್ 28ರಂದು, ಕಲ್ಕತ್ತೆಯ ಹತ್ತಿರದ ಸೆರಾಂಪುರದಲ್ಲಿ, ಗಂಗೆಯ ಕವಲಾದ ಹೂಗ್ಲಿ ನದಿಯಲ್ಲಿ ಮೊದಲನೆಯವರು ನೀರಿಗಿಳಿದರು. ಅವರು ಕೃಷ್ಣ ಪಾಲ್ ಎಂಬ ಬಡಗಿ.

ಏಳು ವರ್ಷ ಎಂದರೆ ಎರಡೂವರೆ ಸಾವಿರ ಬೆಳಗು. ಪ್ರತಿ ಬೆಳಗ್ಗೆಯೂ ಈ ಮನುಷ್ಯ ಎದ್ದು ಕೂತು, ನಿನ್ನೆ ನಿಲ್ಲಿಸಿದ ಕಡೆಯಿಂದ ಸತ್ಯವೇದದ ಮುಂದಿನ ಸಾಲು ಅನುವಾದ ಮಾಡಿದ್ದಾರೆ!

ಈಗ ಬೆಂಕಿಯ ಸಂಗತಿ. ಸೆರಾಂಪುರದಲ್ಲಿ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಮೂವರೂ ಸೇರಿ ದೊಡ್ಡ ಅಚ್ಚುಕೂಟ ಕಟ್ಟಿದ್ದರು. ಇನ್ನೂರು ಅಡಿ ಉದ್ದದ ಕಟ್ಟಡ. ಹತ್ತಾರು ಭಾಷೆಗಳ ಅಚ್ಚುಮೊಳೆ, ರಾಶಿ ರಾಶಿ ಕಾಗದ, ವರ್ಷಗಟ್ಟಲೆ ಬರೆದಿಟ್ಟ ಹಸ್ತಪ್ರತಿಗಳು. 1812ರ ಮಾರ್ಚ್ 11ರ ಸಂಜೆ ಅಲ್ಲಿ ಬೆಂಕಿ ಹೊತ್ತಿಕೊಂಡಿತು. ವಾರ್ಡ್ ಓಡಿ ಬಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿದರು. ಮಾಡು ತೂತು ಮಾಡಿಸಿ ಗಂಟೆಗಟ್ಟಲೆ ನೀರು ಸುರಿಸಿದರು. ಬೆಂಕಿ ಇನ್ನೇನು ಅಡಗಿತು ಅನ್ನುವಾಗ ಯಾರೋ ಒಂದು ಕಿಟಕಿ ತೆರೆದುಬಿಟ್ಟರು. ಗಾಳಿ ನುಗ್ಗಿತು. ಅಷ್ಟೇ. ನಡುರಾತ್ರಿಯ ಹೊತ್ತಿಗೆ ಮಾಡು ಕುಸಿದು ಬಿತ್ತು.

ಕೇರಿ ಅವತ್ತು ಕಲ್ಕತ್ತೆಯಲ್ಲಿದ್ದರು. ಮರುದಿನ ಮಾರ್ಷ್‌ಮನ್ ಹೋಗಿ ಸುದ್ದಿ ಹೇಳಿದರು. ವಾಪಸ್ ಬಂದು ನೋಡಿದರೆ ಬೂದಿ. ಸಂಸ್ಕೃತ ಮೂಲದ ಭಾಷೆಗಳನ್ನೆಲ್ಲ ಕೂಡಿಸಿ ಕೇರಿ ಮಾಡುತ್ತಿದ್ದ ದೊಡ್ಡ ನಿಘಂಟು ಹೋಯಿತು. ತೆಲುಗು ವ್ಯಾಕರಣ ಹೋಯಿತು. ಇನ್ನೊಂದು ಏನು ಗೊತ್ತಾ? ಕನ್ನಡದ ಹೊಸ ಒಡಂಬಡಿಕೆ. ನಮ್ಮ ಭಾಷೆಗೆ ಅವರು ಮಾಡಿಟ್ಟಿದ್ದ ಅನುವಾದದ ಹಸ್ತಪ್ರತಿ ಸುಟ್ಟುಹೋಯಿತು.

ಇದನ್ನು ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಕನ್ನಡ ನಾಡಿನಿಂದ ಅಷ್ಟು ದೂರ, ಗಂಗೆಯ ದಡದಲ್ಲಿ ಕೂತು ಒಬ್ಬರು ನಮಗೋಸ್ಕರ ಬರೆದಿದ್ದರು. ಅದು ಒಂದು ರಾತ್ರಿಯಲ್ಲಿ ಹೊಗೆಯಾಯಿತು.

ಕೇರಿ ಅತ್ತರು. ವರ್ಷಗಳ ದುಡಿಮೆ ಒಂದು ಸಂಜೆಯಲ್ಲಿ ಸುಟ್ಟುಹೋಯಿತಲ್ಲ ಎಂದರು. ಮುಂದಿನ ಭಾನುವಾರ ಸಭೆಯಲ್ಲಿ ನಿಂತು 46ನೇ ಕೀರ್ತನೆಯನ್ನು ತೆಗೆದುಕೊಂಡು ಬೋಧಿಸಿದರು. ಶಾಂತರಾಗಿರಿ, ನಾನೇ ದೇವರೆಂದು ತಿಳಿದುಕೊಳ್ಳಿರಿ ಎಂಬ ವಚನ. ಆಮೇಲೆ ಏನು ಮಾಡಿದರು? ಮತ್ತೆ ಮೊದಲಿನಿಂದ ಶುರು ಮಾಡಿದರು! ಒಮ್ಮೆ ನಡೆದ ದಾರಿಯನ್ನು ಎರಡನೇ ಸಲ ನಡೆಯುವುದು ಸುಲಭ ಎಂದು ಸ್ನೇಹಿತರಿಗೆ ಬರೆದರು.

ಬೂದಿ ಕೆದಕಿದಾಗ ಅಕ್ಷರ ಎರಕ ಹೊಯ್ಯಲು ಬೇಕಾದ ಉಕ್ಕಿನ ಅಚ್ಚುಗಳು ಹಾಳಾಗದೆ ಸಿಕ್ಕವು. ಕರಗಿದ ಸೀಸವನ್ನೇ ಮತ್ತೆ ಎರಕ ಹೊಯ್ದರು. ಪಕ್ಕದಲ್ಲಿದ್ದ ಮುದ್ರಣ ಯಂತ್ರಗಳು ಉಳಿದಿದ್ದವು. ಕೆಲವೇ ವಾರಗಳಲ್ಲಿ ಅವು ಮತ್ತೆ ಓಡಿದವು. ಐದು ವರ್ಷಕ್ಕೆ, 1817ರಲ್ಲಿ, ಕೇರಿಯವರ ಕನ್ನಡ ವ್ಯಾಕರಣ ಅದೇ ಸೆರಾಂಪುರದಿಂದ ಹೊರಬಂತು. ಕನ್ನಡದ ಹೊಸ ಒಡಂಬಡಿಕೆಯೂ ಮುಂದೆ ಅಲ್ಲೇ ಅಚ್ಚಾಯಿತು.

ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು, "ಸರ್, ಅವರ ನಂಬಿಕೆ ಅಷ್ಟು ದೊಡ್ಡದಿತ್ತಾ?" ಕೇರಿ ತಮ್ಮ ಬಗ್ಗೆ ಹಾಗೆ ಹೇಳಿಕೊಳ್ಳಲಿಲ್ಲ. ಹಿಡಿದ ಕೆಲಸ ಬಿಡದೆ ಮೆಲ್ಲಗೆ ಮುಂದೆ ಹೋಗಬಲ್ಲೆ, ನನಗೆ ಬರುವುದು ಅದೊಂದೇ ಎಂದು ತಮ್ಮ ಸೋದರನ ಮಗನಿಗೆ ಹೇಳಿದ್ದರು. ಬೆಂಕಿ ಬಿದ್ದ ಮರುದಿನಕ್ಕೆ ಅವರಲ್ಲಿ ಬೇರೆ ನಂಬಿಕೆ ಹುಟ್ಟಿಕೊಳ್ಳಲಿಲ್ಲ. ದಿನಾ ಮಾಡುತ್ತಿದ್ದದ್ದನ್ನೇ ಅವತ್ತೂ ಮಾಡಿದರು. ಇವತ್ತಿನದನ್ನು ಇವತ್ತು.

ಕಥೆ ಉದ್ದವಾಯಿತು, ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಹಾಗಾಗಿ ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಬ್ರಹಾಮ ಖಾರಾನನ್ನು ಬಿಟ್ಟು ಹೊರಟಾಗ 75 ವರ್ಷ. ಇಸಾಕ ಹುಟ್ಟಿದಾಗ 100. ನಡುವೆ 25 ವರ್ಷ ಡೇರೆ ಬಿಚ್ಚುವುದು, ಡೇರೆ ಹಾಕುವುದು. ದಾರಿಯಲ್ಲಿ ಹೆದರಿದ, ಸುಳ್ಳು ಹೇಳಿದ, ಅವಸರಪಟ್ಟ. ಆದರೂ ಹಿಂದಕ್ಕೆ ಹೋಗಲಿಲ್ಲ. ನೀವು ಬಿದ್ದಿರಬಹುದು. ಇವತ್ತು ಏಳಿ. ಅಷ್ಟೇ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ನಂಬಿದವರಿಗೆ ಕಷ್ಟವೇ ಬರುವುದಿಲ್ಲ ಎಂದು ಕೆಲವರು ಈಗ ಜೋರಾಗಿ ಹೇಳುತ್ತಾರೆ. ದಯವಿಟ್ಟು ಅದನ್ನು ಕೇಳಬೇಡಿ. ಮೊದಲ ಕಾಯಿಲೆಗೇ ಅಂಥ ನಂಬಿಕೆ ಮುರಿದುಬೀಳುತ್ತದೆ. ಆಮೇಲೆ ಆ ಮನೆಯವರ ಜೊತೆ ಕೂತು ಅಳುವವರು ನಾವು. ಮಗನ ಗೋರಿಯ ಮುಂದೆ ನಿಂತ ಕೇರಿಗೆ ನಂಬಿಕೆ ಕಡಿಮೆ ಇತ್ತಾ? ಹೇಳಿ.

ವಿಧೇಯತೆ ಎಂದರೆ ಹೆದರಬೇಡಿ. ಅದು ಇವತ್ತಿನ ಕೆಲಸ. ಮಾತು ಬಿಟ್ಟಿರುವ ತಮ್ಮನಿಗೆ ಫೋನ್ ಮಾಡುವುದು. ತೂಕದಲ್ಲಿ ಮೋಸ ಮಾಡದಿರುವುದು. ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಬದಲಿಸುವುದು. ಒಂದು ಅಧ್ಯಾಯ ಓದುವುದು. ಮನಸ್ಸು ಒಣಗಿದ್ದರೂ ಮಾಡಿ. ಮಳೆ ಬರುವ ಮುಂಚೆಯೇ ಅಲ್ವಾ ಹೊಲ ಹದ ಮಾಡುವುದು?

ಕೇರಿ 41 ವರ್ಷ ಇಲ್ಲೇ ಇದ್ದರು. ಒಮ್ಮೆಯೂ ಊರಿಗೆ ಹಿಂತಿರುಗಲಿಲ್ಲ. 1834ರ ಜೂನ್ 9ರಂದು ಸೆರಾಂಪುರದಲ್ಲೇ ತೀರಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಆ ಮಿಷನ್ 1841ರಲ್ಲಿ ಗದಗದ ಬೆಟಗೇರಿಗೆ ಬಂತು. ನಮ್ಮ ಅಜ್ಜಿ ಬೆಳೆದದ್ದು ಆ ಬೆಟಗೇರಿ ಸಭೆಯಲ್ಲಿ.

ಅಜ್ಜಿ ದಿನಾ ಒಲೆ ಹಚ್ಚುವ ಮುಂಚೆ ಒಂದು ಅಧ್ಯಾಯ ಓದುತ್ತಿದ್ದರು. ಬೆರಳಿಟ್ಟು, ಗಟ್ಟಿಯಾಗಿ, ಒಂದೊಂದೇ ಅಕ್ಷರ. ಆದಿಕಾಂಡದಿಂದ ಪ್ರಕಟನೆಯ ತನಕ, ಮುಗಿದರೆ ಮತ್ತೆ ಆದಿಕಾಂಡ. ಅಜ್ಜ ತೀರಿಕೊಂಡ ಮರುದಿನ ಬೆಳಗ್ಗೆಯೂ ಕೂತು ಓದಿದರು. ನನಗಾಗ ಹನ್ನೆರಡು ವರ್ಷ. "ಇವತ್ತೂ ಓದ್ತೀ ಏನಜ್ಜಿ?" ಎಂದೆ. "ನಿನ್ನೆ ಓದಿದ್ದು ನಿನ್ನೆಗಾತು ತಮ್ಮಾ" ಎಂದು ಕಣ್ಣು ಒರೆಸಿಕೊಂಡು ಹಾಳೆ ತಿರುಗಿಸಿದರು.

ಆ ಸತ್ಯವೇದ ಈಗ ನನ್ನ ಮೇಜಿನ ಮೇಲಿದೆ. ಹಾಳೆಗಳ ಕೆಳಗಿನ ಮೂಲೆಗಳು ಸವೆದು ದುಂಡಗಾಗಿವೆ. ನಾನೂ ಅಜ್ಜಿಯ ಕ್ರಮದಲ್ಲೇ ಓದುತ್ತೇನೆ. ನಾಳೆ ಬೆಳಗ್ಗೆ ಯೆಹೋಶುವ 14ನೇ ಅಧ್ಯಾಯ. ಅದರಲ್ಲಿ 85 ವರ್ಷದ ಕಾಲೇಬ ಬಂದು, ಆ ಬೆಟ್ಟದ ಸೀಮೆಯನ್ನು ನನಗೆ ಕೊಡು ಎಂದು ಕೇಳುತ್ತಾನೆ. ನಿಮ್ಮ ಮನೆಯಲ್ಲೂ ಪುಸ್ತಕ ಇದೆ. ನಾಳೆ ನನ್ನ ಜೊತೆ ಅದನ್ನೇ ಓದಿ.

ನಮಸ್ಕಾರ.