ಹಣ್ಣಿನ ಚಾಕು ಮತ್ತು ಕಾಣದ ಕಣ್ಣು: ವಿಮರ್ಶಕ ಬರೆಟ್ಟಿಯ ಕಥೆ

(ಪರದೆಯ ಮೇಲೆ: ಇಂಗ್ಲಿಷ್ ಚಿತ್ರಕಾರ ರೆನಾಲ್ಡ್ಸ್ ಬರೆದ ಬರೆಟ್ಟಿಯ ಚಿತ್ರ)

ನಮಸ್ಕಾರ. ಈ ಚಿತ್ರ ನೋಡಿ. ಪುಸ್ತಕ ಮೂಗಿಗೆ ತಾಗುವ ಹಾಗಿದೆ, ಅಲ್ವಾ? ಈತನಿಗೆ ದೂರದ್ದು ಸರಿಯಾಗಿ ಕಾಣಿಸುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೋರ್ಟಿನಲ್ಲಿ ಬೇಕಾಗುತ್ತದೆ.

ಹೆಸರು ಜುಸೆಪ್ಪೆ ಬರೆಟ್ಟಿ. 1719ರಲ್ಲಿ ಟುರಿನ್‌ನಲ್ಲಿ ಹುಟ್ಟಿದ. 1751ರಲ್ಲಿ ಲಂಡನ್‌ಗೆ ಬಂದು ಇಟಾಲಿಯನ್ ಪಾಠ ಹೇಳಿಕೊಂಡು ಬದುಕಿದ. ಅಲ್ಲಿ ಇಂಗ್ಲಿಷ್ ನಿಘಂಟು ಬರೆದ ಹೆಸರಾಂತ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಗೆಳೆಯನಾದ. 1760ರಲ್ಲಿ ಬರೆಟ್ಟಿಯ ಇಟಾಲಿಯನ್-ಇಂಗ್ಲಿಷ್ ನಿಘಂಟು ಬಂತು.

ಆಮೇಲೆ ಊರಿನ ಕಡೆ ಹೋದವನು ಸುಮ್ನೆ ಕೂರಲಿಲ್ಲ. 1763ರಲ್ಲಿ ವೆನಿಸ್‌ನಲ್ಲಿ ಪತ್ರಿಕೆ ತೆಗೆದ. ಅದರ ಹೆಸರೇ 'ಸಾಹಿತ್ಯದ ಚಾವಟಿ'! ಬರೆಯುತ್ತಿದ್ದದ್ದು ಮರದ ಕಾಲಿನ ಮುದಿ ಸೈನಿಕನ ವೇಷದಲ್ಲಿ. ಕುರುಬರ ಸೋಗು ಹಾಕಿ ಪದ್ಯ ಹೊಸೆಯುತ್ತಿದ್ದ ಕವಿಗಳಿಗೆ ಸರಿಯಾಗಿ ಬಾರಿಸಿದ. ನಾಟಕಕಾರ ಗೋಲ್ಡೋನಿಯನ್ನೂ ಬಿಡಲಿಲ್ಲ. (ಅಲ್ಲಿ ಏಟು ಜಾಸ್ತಿಯೇ ಆಯಿತು ಅಂತ ನನಗನಿಸುತ್ತದೆ.) ಕೊನೆಗೆ ವೆನಿಸ್‌ನ ಹಳೆಯ ಹೆಮ್ಮೆಯ ಲೇಖಕ ಬೆಂಬೊನನ್ನು ಕೆಣಕಿದ. 1765ರಲ್ಲಿ ಸರ್ಕಾರ ಪತ್ರಿಕೆ ನಿಲ್ಲಿಸಿತು. ಮರುವರ್ಷ ಮತ್ತೆ ಲಂಡನ್.

(ಪರದೆಯ ಮೇಲೆ: ಹೇಮಾರ್ಕೆಟ್ ಬೀದಿ, ರಾತ್ರಿ)

1769, ಅಕ್ಟೋಬರ್ 6. ಬೀದಿಯಲ್ಲಿ ಒಬ್ಬ ಹೆಂಗಸು ಈತನ ಮೈಮೇಲೆ ಕೈ ಹಾಕಿದಳು. ಈತ ಆಕೆಗೆ ಹೊಡೆದ. ಗಂಡಸರು ಮುತ್ತಿಕೊಂಡರು. ಬರೆಟ್ಟಿ ಜೇಬಿನಲ್ಲಿದ್ದ ಹಣ್ಣು ಕೊಯ್ಯುವ ಚಾಕು ತೆಗೆದ. ಗಾಯಗೊಂಡವರಲ್ಲಿ ಒಬ್ಬ ಸತ್ತ.

ಕೊಲೆ ಕೇಸು. ಅರ್ಧ ಮಂದಿ ವಿದೇಶಿಯರೇ ಇರುವ ಜ್ಯೂರಿ ಕೇಳುವ ಹಕ್ಕು ಈತನಿಗಿತ್ತು. ಬೇಡ, ಇಂಗ್ಲಿಷರೇ ತೀರ್ಪು ಕೊಡಲಿ ಅಂದ. ಸಾಕ್ಷಿಗೆ ಯಾರ್‍ಯಾರು ಬಂದರು ಗೊತ್ತಾ? ಜಾನ್ಸನ್, ರೆನಾಲ್ಡ್ಸ್, ರಾಜಕಾರಣಿ ಬರ್ಕ್, ಸಾಹಿತಿ ಗೋಲ್ಡ್‌ಸ್ಮಿತ್, ನಟ ಗ್ಯಾರಿಕ್.

ಚಾಕು ಯಾಕಿತ್ತು? ಯುರೋಪಿನಲ್ಲಿ ತಿರುಗಾಡುವಾಗ ನಾನೂ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಊಟವೇ ಇಲ್ಲ ಅಂದ ಗ್ಯಾರಿಕ್. ಅಲ್ಲಿ ಊಟದ ಮೇಜಿಗೆ ಚಾಕು ಇಡುತ್ತಿರಲಿಲ್ಲ.

ಬರೆಟ್ಟಿಯ ಕಣ್ಣು ಹೇಗೆ ಅಂತ ಜಾನ್ಸನ್‌ನನ್ನು ಕೇಳಿದರು. ಆತನ ಕಣ್ಣೂ ಅಷ್ಟಕ್ಕಷ್ಟೇ. "ಈಗ ಅವನಿಗೆ ನಾನು ಕಾಣುತ್ತಿಲ್ಲ, ನನಗೆ ಅವನೂ ಕಾಣುತ್ತಿಲ್ಲ" ಅಂದ.

ಆತ್ಮರಕ್ಷಣೆ ಅಂತ ತೀರ್ಪಾಯಿತು. ಬಿಡುಗಡೆ.

ಚಾವಟಿ ಮಾತ್ರ ಕೆಳಗಿಡಲಿಲ್ಲ. 1777ರಲ್ಲಿ ಶೇಕ್ಸ್‌ಪಿಯರ್ ಪರವಾಗಿ, ಅವನನ್ನು ಹೀಗಳೆದಿದ್ದ ಫ್ರೆಂಚ್ ಲೇಖಕ ವೋಲ್ಟೇರ್ ಮೇಲೆ ಏರಿ ಹೋದ. ಅದೂ ವೋಲ್ಟೇರನದೇ ಭಾಷೆಯಲ್ಲಿ, ಫ್ರೆಂಚಿನಲ್ಲಿ.

ಆದರೆ ಜಾನ್ಸನ್ ಜೊತೆಗಿನ ಸ್ನೇಹ? ಪೆಸಿಫಿಕ್ ಸಾಗರದ ತಾಹಿತಿ ದ್ವೀಪದ ಕಡೆಯಿಂದ ಬಂದಿದ್ದ ಒಮಾಯ್ ಚದುರಂಗದಲ್ಲಿ ನಿನ್ನನ್ನು ಸೋಲಿಸಿದ ಅಂತ ಜಾನ್ಸನ್ ಮುದಿವಯಸ್ಸಿನಲ್ಲಿ ಒಂದು ದಿನ ರೇಗಿಸಿದ. ಬರೆಟ್ಟಿ ಟೋಪಿ, ಕೋಲು ಎತ್ತಿಕೊಂಡು ಹೊರಟೇಬಿಟ್ಟ. ಮತ್ತೆ ಇಬ್ಬರೂ ಭೇಟಿಯಾಗಲಿಲ್ಲ. 1784ರಲ್ಲಿ ಜಾನ್ಸನ್ ತೀರಿಕೊಂಡ.