ಬಿಸಿಲಿಗೆ ಮೊದಲೇ ಎದ್ದ ಊರು

ನಮಸ್ಕಾರ, ಕೇಳುಗರೇ. ಭೂಮಿಯೇ ಬಿಸಿಯಾಗುತ್ತಿರುವಾಗ ಒಂದು ನಗರಪಾಲಿಕೆ ಏನು ತಾನೇ ಮಾಡೀತು ಅಂತ ಸುಮಾರು ಜನ ಕೇಳುತ್ತಾರೆ. ಅಹಮದಾಬಾದಿನ ಕಥೆ ಕೇಳಿ.

2010ರ ಮೇ ತಿಂಗಳು. ಅಲ್ಲಿ ಬಿಸಿಲು 46.8 ಡಿಗ್ರಿ ಮುಟ್ಟಿತು. ಆ ತಿಂಗಳಲ್ಲಿ, ಮಾಮೂಲಿ ಮೇ ತಿಂಗಳಿಗಿಂತ 1,344 ಜನ ಜಾಸ್ತಿ ಸತ್ತರು. ಪ್ರವಾಹ ಬಂದರೆ ಕಣ್ಣಿಗೆ ಕಾಣುತ್ತದೆ. ಬಿಸಿಲು ಹಾಗಲ್ಲ. ಆಸ್ಪತ್ರೆ ಕಾಗದದಲ್ಲಿ ಹೃದಯಾಘಾತ ಅಂತಲೋ, ಕಿಡ್ನಿ ತೊಂದರೆ ಅಂತಲೋ ಇರುತ್ತದೆ. ಹಿಂದುಮುಂದಿನ ವರ್ಷಗಳ ಲೆಕ್ಕ ತೆಗೆದಾಗಲೇ ಬಿಸಿಲಿನ ಕೈವಾಡ ಬಯಲಾಗುವುದು.

ಅಲ್ಲಿನ ಶಾರದಾಬೆನ್ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಇದ್ದದ್ದು ಮೇಲಿನ ಮಹಡಿಯಲ್ಲಿ. ತಲೆಯ ಮೇಲೆ ಕಾದ ತಾರಸಿ. ಹುಟ್ಟಿದ ಕೂಸುಗಳಿಗೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ವಾರ್ಡನ್ನು ಕೆಳಗಿನ ಮಹಡಿಗೆ ತಂದರು. ಬಿಸಿಲ ತೊಂದರೆಯಿಂದ ತೀವ್ರ ನಿಗಾ ಘಟಕ ಸೇರುವ ಕೂಸುಗಳು ಕಡಿಮೆಯಾದವು. ಹೊಸ ಯಂತ್ರವಿಲ್ಲ, ವಿದೇಶಿ ಸಾಲವಿಲ್ಲ. ಮಂಚ, ತೊಟ್ಟಿಲು ಇಳಿಸಿದರು, ಅಷ್ಟೇ.

2013ರಲ್ಲಿ ಅಲ್ಲಿನ ಪಾಲಿಕೆ, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ ಮುಂತಾದವರ ಜೊತೆ ಸೇರಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. 45 ಡಿಗ್ರಿ ಆಗುತ್ತದೆ ಅಂತ ಮುನ್ಸೂಚನೆ ಬಂದರೆ ಕೆಂಪು ಎಚ್ಚರಿಕೆ. ಪಾಲಿಕೆಯಲ್ಲಿ ಇದಕ್ಕೆಂದೇ ಒಬ್ಬ ಅಧಿಕಾರಿ. ಆಸ್ಪತ್ರೆಗೆ, ಆಂಬುಲೆನ್ಸಿನವರಿಗೆ ಅಲ್ಲಿಂದ ಸುದ್ದಿ ಹೋಗುತ್ತದೆ. ನನಗೆ ಯೋಜನೆಯ ಜೀವಾಳ ಅನ್ನಿಸುವುದು ಇದೇ: ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮೊದಲೇ ಗೊತ್ತಿರುವುದು. ಮುಂದೆ ಕೊಳೆಗೇರಿಗಳ ಮಾಡಿಗೆ ಬಿಳಿ ಸುಣ್ಣವನ್ನೂ ಬಳಿಸಿದರು. ಈ ಯೋಜನೆಯಿಂದ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದು ಅಂತ 2018ರ ಒಂದು ಅಧ್ಯಯನ ಅಂದಾಜು ಮಾಡಿತು. ಅಂದಾಜೇ ಇರಲಿ, ಅರ್ಧದಷ್ಟಾದರೂ ಸಣ್ಣದಲ್ಲ, ಅಲ್ವಾ?

ನಮ್ಮ ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಗುಮಾಸ್ತರಿಗೆ ಒಳ್ಳೆಯದೇ. ಆದರೆ ತಳ್ಳುಗಾಡಿಯಲ್ಲಿ ಹಣ್ಣು ಮಾರುವವರಿಗೆ, ಸೆಂಟ್ರಿಂಗ್ ಕೆಲಸದವರಿಗೆ ಅಂಥ ಆದೇಶ ಹೊರಡಿಸುವವರು ಯಾರು? ಅವರಿಗೆ ಬೇಕಾದದ್ದು ನೆರಳು, ಅರವಟಿಗೆ. ಅದಕ್ಕೆ ದುಡ್ಡು ಫೆಬ್ರವರಿಯಲ್ಲೇ ಎತ್ತಿಡಬೇಕು. ಏಪ್ರಿಲ್‌ನಲ್ಲಿ ಟೆಂಡರ್ ಕರೆದರೆ, ಅರವಟಿಗೆ ಶುರುವಾಗುವಷ್ಟರಲ್ಲಿ ಮುಂಗಾರು ಬಂದಿರುತ್ತದೆ.

ನಮಸ್ಕಾರ.